"ಅಮ್ಮಾ, ಕ್ರಿಸ್‌ಮಸ್ ಯಾವಾಗ ಮುಗಿಯುತ್ತೆ?"

(ವಿಡಿಯೊದಲ್ಲಿ ಆಡಿದ ಮಾತಿನ ಬರಹ ರೂಪ. ಆಡಿದ ಹಾಗೇ ಇಟ್ಟಿದ್ದೇವೆ, ಓದೋದಕ್ಕೆ ಅಡ್ಡಿಯಾಗೋ ಕಡೆ ಮಾತ್ರ ಸ್ವಲ್ಪ ತಿದ್ದಿದ್ದೇವೆ.)



ನಾನು ಗದಗ-ಬೆಟಗೇರಿಯವಳು. ಚೆನ್ನೈಗೆ ಬಂದು ಹದಿನೆಂಟು ವರ್ಷ ಆಯ್ತು. ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸ. ಅಂದ್ರೆ ಬೇರೆಯವರ ತಪ್ಪು ಹುಡುಕೋದೇ ನನ್ನ ಉದ್ಯೋಗ. ಇವತ್ತು ನನ್ನದೇ ಒಂದು ತಪ್ಪಿನ ಬಗ್ಗೆ ಮಾತಾಡೋಣ ಅಂತ ಬಂದಿದ್ದೀನಿ.

ಹೋದ ವರ್ಷ ಡಿಸೆಂಬರ್ 23. ಸಂಜೆ ಏಳು ಗಂಟೆ. ವೇಳಚ್ಚೇರಿಯ ಒಂದು ಮಾಲ್‌ನ ಬೇಸ್‌ಮೆಂಟಿನಲ್ಲಿ ಕಾರು ನಿಂತಿದೆ. ಪಾರ್ಕಿಂಗ್ ಸಿಗೋದಕ್ಕೇ ನಲವತ್ತು ನಿಮಿಷ ಹಿಡೀತು. ಮುಂದಿನ ಸೀಟಿನಲ್ಲಿ ನಾನು, ಕೈಯಲ್ಲಿ ಫೋನು. ಫೋನಿನಲ್ಲಿ ಒಂದು ಎಕ್ಸೆಲ್ ಶೀಟು, ಅದರ ಹೆಸರು 'ಕ್ರಿಸ್‌ಮಸ್ ಫೈನಲ್'. ಒಟ್ಟು 47 ಸಾಲು. ಮುಗಿದಿದ್ದು ಹಸಿರು, ಬಾಕಿ ಇರೋದು ಕೆಂಪು. ಆಫೀಸಿನ ಸೀಕ್ರೆಟ್ ಸಾಂಟಾಗೆ ಗಿಫ್ಟು, ಮಗನ ಶಾಲೆಯ ನಾಟಕಕ್ಕೆ ಕುರುಬನ ಡ್ರೆಸ್ಸು, ಮಗಳ ಶೂಸು, ನಕ್ಷತ್ರದ ಲೈಟು, ನಮ್ಮ ಬೇ ಅಲಂಕಾರಕ್ಕೆ ಥರ್ಮೋಕೋಲು. ಈ ಮಧ್ಯೆ ವರ್ಷದ ಕೊನೆಯ ರಿಲೀಸು. ಅದೂ ಸಾಲದು ಅಂತ 24ರ ರಾತ್ರಿ ಆನ್‌ಕಾಲ್ ನಂದೇ.

ಹಿಂದಿನ ಸೀಟಿನಲ್ಲಿ ಮಗಳು ಏನೋ ಕೇಳಿದಳು. ನಾನು ರೇಗಿದೆ. ಮತ್ತೆ ಕೇಳಿದಳು. ಇನ್ನೂ ಜೋರಾಗಿ ರೇಗಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ಅಳೋದೂ ಇಲ್ಲದೆ, ತುಂಬಾ ಮೆತ್ತಗೆ ಕೇಳಿದಳು: "ಅಮ್ಮಾ, ಕ್ರಿಸ್‌ಮಸ್ ಯಾವಾಗ ಮುಗಿಯುತ್ತೆ?"

ಯಾವಾಗ ಬರುತ್ತೆ ಅಂತ ಕೇಳಬೇಕಾದ ವಯಸ್ಸು ಅದು. ಎಂಟು ವರ್ಷ.

ನಾನು ಉತ್ತರ ಕೊಡೋ ಮೊದಲೇ ಫೋನ್ ಬಂತು. ಆ ಫೋನ್ ಏನು ಅಂತ ಆಮೇಲೆ ಹೇಳ್ತೀನಿ. ಅದಕ್ಕಿಂತ ಮೊದಲು ನಮ್ಮ ಬೆಟಗೇರಿಗೆ ಹೋಗಿ ಬರಬೇಕು.

ಬೆಟಗೇರಿ ಅಂದ್ರೆ ನಿಮಗೆ ಮಗ್ಗ ನೆನಪಾಗಬಹುದು, ಸೀರೆ ನೆನಪಾಗಬಹುದು. ಬಾಸೆಲ್ ಮಿಷನ್‌ನವರು 1834ರಲ್ಲಿ ಮಂಗಳೂರಿಗೆ ಬಂದರು. ಆಮೇಲೆ ಧಾರವಾಡ, ಹುಬ್ಬಳ್ಳಿ, ಬೆಟಗೇರಿ ಅಂತ ಒಳನಾಡಿಗೂ ಬಂದರು. ಕಿಟೆಲ್ ಅವರ ಕನ್ನಡ ನಿಘಂಟು ನಿಮಗೆಲ್ಲ ಗೊತ್ತು, 1894ರದು. ಅದೇ ಮಿಷನ್‌ನ ಸಭೆಯಲ್ಲಿ ಬೆಳೆದ ಮನೆತನ ನಮ್ಮದು. ನಮ್ಮ ಪ್ರಾರ್ಥನೆ ಕನ್ನಡ, ಹಾಡು ಕನ್ನಡ, ಬೈಗುಳವೂ ಕನ್ನಡವೇ. ಇಲ್ಲಿ ಆಫೀಸಿನಲ್ಲಿ ನನ್ನ ಹೆಸರು ಕೇಳಿದವರು "ಓ, ನಿಮ್ಮ ಮನೆಯಲ್ಲಿ ಇಂಗ್ಲಿಷ್ ಮಾತಾಡ್ತೀರಾ?" ಅಂತಾರೆ. ಇಲ್ಲಪ್ಪಾ, ನಮ್ಮ ಮನೆಯಲ್ಲಿ ಜೋಳದ ರೊಟ್ಟಿ ಬಡೀತಾರೆ.

ನಮ್ಮ ಕ್ರಿಸ್‌ಮಸ್‌ನಲ್ಲಿ ಪ್ಲಮ್ ಕೇಕ್ ಇರಲಿಲ್ಲ. ಕರ್ಚಿಕಾಯಿ ಇತ್ತು. ಒಣ ಕೊಬ್ಬರಿ, ಪುಟಾಣಿ, ಗಸಗಸೆ, ಎಳ್ಳು, ಏಲಕ್ಕಿ, ಬೆಲ್ಲ. ಎರಡು ದಿನ ಮನೆಯೆಲ್ಲ ಅದೇ ವಾಸನೆ. ಜೊತೆಗೆ ಚಕ್ಕುಲಿ, ಶಂಕರಪಾಳಿ. ಮೂಲೆಯಲ್ಲಿ ಹುಲ್ಲು ಹಾಸಿ ಗೋದಲಿ ಕಟ್ಟೋದು, ಅದಕ್ಕೆ ಮಣ್ಣಿನ ಎತ್ತು. ಆ ಎತ್ತು ಎಲ್ಲಿಂದ ಬರ್ತಿತ್ತು ಗೊತ್ತಾ? ನಮ್ಮ ಪಕ್ಕದ ಮನೆಯವರ ಮಣ್ಣೆತ್ತಿನ ಅಮಾವಾಸ್ಯೆಯಿಂದ. ಹಬ್ಬ ಮುಗಿದ ಮೇಲೆ ಒಂದು ಜೋಡಿ ನಮಗೆ ಅಂತ ತೆಗೆದಿಡ್ತಿದ್ದರು.

ಹಬ್ಬದ ದಿನ ನನ್ನ ಕೆಲಸ ಏನಪ್ಪಾ ಅಂದ್ರೆ, ತಾಟು ಕೊಟ್ಟು ಬರೋದು. ಸ್ಟೀಲಿನ ತಾಟು, ಮೇಲೊಂದು ಕ್ರೋಶ ಹಾಕಿದ ಬಟ್ಟೆ. ಓಣಿಯಲ್ಲಿ ಹದಿನಾಲ್ಕು ಮನೆ. ನೇಕಾರರ ಮನೆ, ಲಿಂಗಾಯತರ ಮನೆ, ಎರಡು ಮುಸಲ್ಮಾನರ ಮನೆ. ದೀಪಾವಳಿಗೆ, ರಂಜಾನ್‌ಗೆ ಅವರ ತಾಟು ನಮ್ಮ ಮನೆಗೆ ಬರೋದು, ಕ್ರಿಸ್‌ಮಸ್‌ಗೆ ನಮ್ಮದು ಅವರ ಮನೆಗೆ. ಯಾರೂ ತಾಟನ್ನ ಖಾಲಿ ವಾಪಸ್ ಕಳಿಸ್ತಿರಲಿಲ್ಲ. ಏನೂ ಇಲ್ಲ ಅಂದ್ರೆ ಒಂದು ಮುಷ್ಟಿ ಸಕ್ಕರೆ ಆದರೂ ಹಾಕಿ ಕೊಡೋರು.

ನಾನು ಚಿಕ್ಕವಳಿದ್ದಾಗ ಆಟಕ್ಕೆ ತಡ ಆಗುತ್ತೆ ಅಂತ ತಾಟು ಬಾಗಿಲಲ್ಲೇ ಕೊಟ್ಟು ಓಡಿ ಬರ್ತಿದ್ದೆ. ಅವ್ವ ಬಯ್ಯೋಳು. "ಹೊಚ್ಚಲಾ ದಾಟಿ ಒಳಗ ಹೋಗು. ಕುಂತು ನಾಕ ಮಾತ ಆಡು. ಅಜ್ಜಿ ಮಲಗಿದ್ಲೋ ಎದ್ದಾಳೋ, ಮಗ್ಗ ನಡದೈತೋ ನಿಂತೈತೋ, ಎಲ್ಲಾ ನೋಡಿ ಬಾ. ತಾಟ ಕೊಡಾಕ ಅಲ್ಲ ನಿನ್ನ ಕಳಸೋದು."

ಆಗ ಅದು ನನಗೆ ಅರ್ಥ ಆಗಲಿಲ್ಲ. ತಾಟು ಕೊಡೋದಕ್ಕಲ್ಲ ಅಂದ್ರೆ ಮತ್ತೆ ಯಾಕೆ? ಅವ್ವನಿಗೆ ತಾಟು ಅನ್ನೋದು ಒಂದು ನೆಪ. ಬಾಗಿಲು ದಾಟಿ ಒಳಗೆ ಹೋಗೋಕೆ ಒಂದು ನೆಪ. ಯಾರ ಮನೆಯಲ್ಲಿ ಒಲೆ ಉರಿದಿಲ್ಲ ಅಂತ ಅವ್ವನಿಗೆ ಗೊತ್ತಾಗ್ತಿದ್ದಿದ್ದೇ ಹಾಗೆ.

ಈಗ ಚೆನ್ನೈಗೆ ಬರೋಣ. 2015.

ಆಗ ನಾವು ವೇಳಚ್ಚೇರಿಯಲ್ಲಿ ಬಾಡಿಗೆಗೆ ಇದ್ದೆವು, ನೆಲಮಹಡಿ. ಆ ಮನೆ ಸಿಗೋ ಮೊದಲು ಎಷ್ಟು ಮನೆ ನೋಡಿದ್ದೆವು ಅಂತ ಕೇಳಬೇಡಿ. ಇಲ್ಲಿ ಮನೆ ಹುಡುಕಿದ ಕನ್ನಡಿಗರಿಗೆಲ್ಲ ಗೊತ್ತಿರುತ್ತೆ. ಹತ್ತು ತಿಂಗಳ ಅಡ್ವಾನ್ಸು, ಆಮೇಲೆ ಪ್ರಶ್ನೆಗಳು. ಯಾವ ಊರು, ಯಾವ ಜನ, ನಾನ್‌ವೆಜ್ಜಾ. ಒಂದು ಕಡೆ ಎಲ್ಲ ಒಪ್ಪಿಗೆ ಆಗಿ, ಹೆಸರು ಹೇಳಿದ ಮೇಲೆ "ನಮ್ಮ ಸಂಬಂಧಿಕರೇ ಬರ್ತಿದ್ದಾರೆ" ಅಂದರು.

ನಮ್ಮ ಮೇಲಿನ ಮನೆಯಲ್ಲಿ ಒಬ್ಬ ಮಾಮಿ ಇದ್ದರು. ಹೆಸರು ಬೇಡ, ಮಾಮಿ ಅಂತಲೇ ಕರೀತೀನಿ. ಆಗ ಅರವತ್ತೈದರ ಹತ್ತಿರ. ಮಾಮ ಆಗಲೇ ತೀರಿಕೊಂಡಿದ್ದರು. ಒಬ್ಬನೇ ಮಗ, ಅಮೆರಿಕದಲ್ಲಿ. ಬೆಳಿಗ್ಗೆ ನಾಲ್ಕೂವರೆಗೆ ಎದ್ದು ಕೋಲ ಹಾಕೋರು. ಮಾರ್ಗಳಿ ಬಂತು ಅಂದ್ರೆ ಮಧ್ಯಾಹ್ನ ಊಟ ಮುಗಿಸಿ ಕಚೇರಿಗೆ ಹೊರಡೋರು. ನಾನು ಕ್ರಿಸ್‌ಮಸ್‌ಗೆ ತಾಟು ತೊಗೊಂಡು ಹೋದ್ರೆ ನಗುತ್ತಾ ಬಾಗಿಲಲ್ಲೇ ನಿಂತು ಬಾಳೆಹಣ್ಣು ಮಾತ್ರ ತೊಗೊಳ್ಳೋರು. ಕರ್ಚಿಕಾಯಿ ಮುಟ್ಟುತ್ತಿರಲಿಲ್ಲ. ಮಡಿ. ನನಗೂ ಬೇಜಾರಿರಲಿಲ್ಲ. ಬೆಟಗೇರಿಯಲ್ಲಿ ಅಂಥ ಮನೆಗಳೂ ನೋಡಿದ್ದೆ.

ಡಿಸೆಂಬರ್ 1. ಆ ದಿನ ಚೆನ್ನೈಯಲ್ಲಿದ್ದವರು ಯಾರೂ ಮರೆಯಲ್ಲ. ತಾಂಬರಂನಲ್ಲಿ ಒಂದೇ ದಿನಕ್ಕೆ 49 ಸೆಂಟಿಮೀಟರ್ ಮಳೆ. ಚೆಂಬರಂಬಾಕ್ಕಂ ಕೆರೆಯಿಂದ ನೀರು ಬಿಟ್ಟರು, ಅಡ್ಯಾರ್ ನದಿ ಉಕ್ಕಿತು. ವಿಮಾನ ನಿಲ್ದಾಣದ ರನ್‌ವೇ ಮೇಲೆ ನೀರು. ಮಾರನೇ ದಿನ 'ದಿ ಹಿಂದೂ' ಪತ್ರಿಕೆಯ ಚೆನ್ನೈ ಮುದ್ರಣ ಹೊರಬರಲಿಲ್ಲ. ಕೆಲಸಗಾರರು ಪ್ರೆಸ್ಸಿಗೆ ಹೋಗೋಕೇ ಆಗಲಿಲ್ಲ. 1878ರಲ್ಲಿ ಶುರುವಾದ ಪತ್ರಿಕೆ ಅದು.

ನಮ್ಮ ಮನೆಗೆ ನೀರು ಬಂದಿದ್ದು ರಾತ್ರಿ. ಮೊದಲು ಬಚ್ಚಲಿನಿಂದ, ಆಮೇಲೆ ಬಾಗಿಲಿನಿಂದ. ಅರ್ಧ ಗಂಟೆಯಲ್ಲಿ ಮೊಣಕಾಲಿನವರೆಗೆ. ಕರೆಂಟಿಲ್ಲ, ಫೋನಿಲ್ಲ. ಗಂಡ ಮಗನನ್ನ ಹೆಗಲ ಮೇಲೆ ಕೂರಿಸಿಕೊಂಡಿದ್ದರು, ಅವನಿಗೆ ಮೂರು ವರ್ಷ. ನಾನು ಏಳು ತಿಂಗಳ ಬಸುರಿ. ಮೆಟ್ಟಿಲು ಹತ್ತಿ ಮಾಮಿಯ ಬಾಗಿಲ ಮುಂದೆ ನಿಂತೆವು. ಕೈಯಲ್ಲಿ ಆಸ್ಪತ್ರೆ ಫೈಲು, ಒಂದು ಚೀಲ ಬಟ್ಟೆ. ಬಡಿಯಬೇಕಾ ಬೇಡ್ವಾ ಅಂತ ಒಂದು ಕ್ಷಣ ಯೋಚನೆ ಮಾಡಿದೆ. ನಿಜ ಹೇಳ್ತಿದ್ದೀನಿ, ಆ ನೀರಿನಲ್ಲೂ ಮಡಿ ನೆನಪಾಯ್ತು.

ಬಡಿಯೋ ಮೊದಲೇ ಬಾಗಿಲು ತೆರೀತು. ಮಾಮಿ ಕೈಯಲ್ಲಿ ದೀಪ. "ಉಳ್ಳ ವಾಂಗೋ, ಉಳ್ಳ ವಾಂಗೋ" ಅಂದರು. ಒಳಗೆ ಬನ್ನಿ, ಒಳಗೆ ಬನ್ನಿ. ನಾನು ಚಪ್ಪಲಿ ಬಿಡೋಕೆ ಬಗ್ಗೋದಕ್ಕೆ ಒದ್ದಾಡ್ತಿದ್ದೆ. ಮಾಮಿ ತಾವೇ ಬಗ್ಗಿ ಬಿಚ್ಚಿದರು.

ಐದು ದಿನ ಅಲ್ಲಿದ್ದೆವು. ಅವರ ಮಂಚ ನನಗೆ, ಅವರು ಚಾಪೆ ಮೇಲೆ. ಹೊರಗೆ ಅರ್ಧ ಲೀಟರ್ ಹಾಲಿಗೆ ನೂರು ರೂಪಾಯಿ ಅಂತಿದ್ದರು. ಇದ್ದ ಒಂದು ಪ್ಯಾಕೆಟ್ ಹಾಲು ನನಗೂ ಮಗನಿಗೂ. ಮಾಮಿ ಐದು ದಿನ ಕಾಫಿ ಕುಡೀಲಿಲ್ಲ. ತಮಿಳುನಾಡಿನ ಮಾಮಿಯೊಬ್ಬರು ಐದು ದಿನ ಫಿಲ್ಟರ್ ಕಾಫಿ ಬಿಡೋದು ಅಂದ್ರೆ ಎಂಥ ತ್ಯಾಗ ಅಂತ ಇಲ್ಲಿರೋರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಆ ವರ್ಷ ನಗರದಲ್ಲಿ ಎಷ್ಟೋ ಚರ್ಚುಗಳು ಕ್ರಿಸ್‌ಮಸ್ಸನ್ನ ಸರಳವಾಗಿ ಮಾಡಿದವು. ನಮ್ಮ ಮನೆಯಲ್ಲಿ ಮಾಡೋಕೆ ಏನೂ ಉಳಿದಿರಲಿಲ್ಲ. ಗ್ಯಾಸ್ ಒಲೆ ಕೆಟ್ಟಿತ್ತು, ಫ್ರಿಜ್ ಕೆಟ್ಟಿತ್ತು, ಗೋಡೆಯ ಮೇಲೆ ಸೊಂಟದೆತ್ತರಕ್ಕೆ ಕೆಸರಿನ ಗೆರೆ. 24ನೇ ತಾರೀಖು ಮಾಮಿ ಕೆಳಗೆ ಬಂದರು. "ನಿಮ್ಮ ಹಬ್ಬ ಅಲ್ವಾ ನಾಳೆ? ನೀನು ಪ್ರತಿ ವರ್ಷ ತರ್ತೀಯಲ್ಲ, ಆ ತಿಂಡಿ, ಅದು ನಮ್ಮ ಸೋಮಾಸಿ ಕಣಮ್ಮಾ. ಬಾ, ನಮ್ಮ ಅಡುಗೆಮನೆಯಲ್ಲೇ ಮಾಡೋಣ."

ಹೌದು, ನಮ್ಮ ಕರ್ಚಿಕಾಯಿಯೇ ಅವರ ಸೋಮಾಸಿ. ಅವರು ರವೆ ಜಾಸ್ತಿ ಹಾಕ್ತಾರೆ, ನಾವು ಕೊಬ್ಬರಿ ಜಾಸ್ತಿ. ಅವರ ಪೊಟ್ಟುಕಡಲೈ ನಮ್ಮ ಪುಟಾಣಿ. ನಾಲ್ಕು ವರ್ಷ ಬಾಗಿಲಲ್ಲಿ ನಿಂತಿದ್ದ ತಾಟು ಆ ದಿನ ಅಡುಗೆಮನೆಯವರೆಗೆ ಹೋಯ್ತು. ಆ ವರ್ಷ ನಮ್ಮಲ್ಲಿ ಮರ ಇಲ್ಲ, ನಕ್ಷತ್ರ ಇಲ್ಲ, ಹೊಸ ಬಟ್ಟೆ ಇಲ್ಲ. ಗಂಡನ ಬಳಿ ಇದ್ದ ಪ್ಯಾಂಟು ಎರಡು. ನನ್ನ ಇಡೀ ಜೀವನದಲ್ಲಿ ಅಂಥ ಕ್ರಿಸ್‌ಮಸ್ ಮತ್ತೆ ಬಂದಿಲ್ಲ.

ಫೆಬ್ರವರಿಯಲ್ಲಿ ಮಗಳು ಹುಟ್ಟಿದಳು. ಮುಂದಿನ ಮೂರು ವರ್ಷ 24ರ ಬೆಳಿಗ್ಗೆ ಅಂದ್ರೆ ಮಾಮಿ ಮನೆಯಲ್ಲಿ ಕರ್ಚಿಕಾಯಿ. 2019ರಲ್ಲಿ ನಾವು ಓಎಂಆರ್ ಕಡೆ ಸ್ವಂತ ಫ್ಲಾಟ್ ತೊಗೊಂಡೆವು. ಹದಿನಾಲ್ಕು ಮಹಡಿ, ಕ್ಲಬ್ ಹೌಸು, ಗೇಟಿನಲ್ಲಿ ಹತ್ತು ಅಡಿ ಮರ. ಮಾಮಿ ಮನೆಗೆ ಹನ್ನೆರಡು ಕಿಲೋಮೀಟರ್. ಆ ಸಲ ಹೋದೆ. 2020ರಲ್ಲಿ ಕೊರೊನಾ. ಹೋಗೋ ಹಾಗಿರಲಿಲ್ಲ, ಆ್ಯಪ್‌ನಲ್ಲಿ ಕೇಕ್ ಕಳಿಸಿದೆ, ಮೊಟ್ಟೆ ಇಲ್ಲದ್ದು. ಮಾಮಿ ಫೋನ್ ಮಾಡಿ ತುಂಬಾ ಖುಷಿಪಟ್ಟರು. 2021ರಲ್ಲೂ ಕಳಿಸಿದೆ. 2022ರಲ್ಲೂ. ಕೊರೊನಾ ಹೋಯ್ತು, ಅಭ್ಯಾಸ ಉಳೀತು.

ಹೋದ ವರ್ಷ ಅದನ್ನ ಇನ್ನೂ ಸುಲಭ ಮಾಡಿಕೊಂಡೆ. ಹದಿನಾಲ್ಕು ವಿಳಾಸ ಒಂದೇ ಶೀಟಿನಲ್ಲಿ, ಹದಿನಾಲ್ಕು ಕೇಕ್ ಒಂದೇ ಆರ್ಡರಿನಲ್ಲಿ. ಹನ್ನೊಂದು ನಿಮಿಷದಲ್ಲಿ ಕೆಲಸ ಮುಗೀತು. ಗಂಡನ ಹತ್ತಿರ ಹೆಮ್ಮೆಯಿಂದ ಹೇಳಿಕೊಂಡೆ ಕೂಡ. ಓಣಿಯ ಹದಿನಾಲ್ಕು ಮನೆಗೆ ಅವ್ವ ನನ್ನ ಕಳಿಸ್ತಿದ್ದಳಲ್ಲ, ಅದಕ್ಕೆ ನನಗೆ ಇಡೀ ಮಧ್ಯಾಹ್ನ ಬೇಕಾಗ್ತಿತ್ತು.

ಇಲ್ಲಿ ಒಂದು ಹಳೇ ವಿಷಯ ಹೇಳಬೇಕು. ಕನ್ನಡದ ಮೊದಲ ಪತ್ರಿಕೆ ಯಾವುದು? 'ಮಂಗಳೂರು ಸಮಾಚಾರ'. ಬಾಸೆಲ್ ಮಿಷನ್‌ನ ಮೊಗ್ಲಿಂಗ್ ಅವರು 1843ರ ಜುಲೈನಲ್ಲಿ ಶುರು ಮಾಡಿದ್ದು. ಅದೇ 1843ರಲ್ಲಿ ಲಂಡನ್ನಿನಲ್ಲಿ ಇನ್ನೊಂದು ಶುರುವಾಯ್ತು: ಅಂಗಡಿಯಲ್ಲಿ ಮಾರೋ ಕ್ರಿಸ್‌ಮಸ್ ಕಾರ್ಡು. ಹೆನ್ರಿ ಕೋಲ್ ಅಂತ ಒಬ್ಬ ಸರ್ಕಾರಿ ಅಧಿಕಾರಿ. ಆಗಷ್ಟೇ ಅಲ್ಲಿ ಒಂದು ಪೆನ್ನಿಗೆ ಪತ್ರ ಕಳಿಸೋ ವ್ಯವಸ್ಥೆ ಬಂದಿತ್ತು. ಎಲ್ಲರೂ ಪತ್ರ ಬರೆಯೋರು, ಎಲ್ಲದಕ್ಕೂ ಉತ್ತರ ಬರೆಯೋಕೆ ಇವನಿಗೆ ಪುರುಸೊತ್ತಿಲ್ಲ. ಅದಕ್ಕೆ ಹಾರ್ಸ್‌ಲಿ ಅನ್ನೋ ಚಿತ್ರಕಾರನ ಕೈಯಲ್ಲಿ ಒಂದೇ ಚಿತ್ರ ಬರೆಸಿ, ಸಾವಿರದಷ್ಟು ಅಚ್ಚು ಹಾಕಿಸಿದ. ತನಗೆ ಬೇಕಾದ್ದು ಬಳಸಿ ಉಳಿದಿದ್ದು ಒಂದೊಂದು ಶಿಲ್ಲಿಂಗಿಗೆ ಮಾರಾಟ.

ನೋಡಿ, ಅವನೂ ನಮ್ಮ ಹಾಗೇ. ಕೆಟ್ಟವನಲ್ಲ, ಲೋಭಿ ಅಲ್ಲ. ಬಿಜಿ ಮನುಷ್ಯ. ಕ್ರಿಸ್‌ಮಸ್ಸನ್ನ ವ್ಯಾಪಾರ ಮಾಡಿಬಿಟ್ಟರು ಅಂತ ನಾವು ಮಾಲ್‌ನವರನ್ನ, ಕಂಪನಿಗಳನ್ನ ಬಯ್ಯುತ್ತೀವಿ. ಆದರೆ ಮಾಲ್ ನಮಗೆ ಮಾರೋದು ನಮ್ಮ ಹತ್ತಿರ ಇಲ್ಲದ್ದನ್ನ: ಸಮಯ. ಹೋಗೋಕೆ ಆಗಲ್ವಾ, ಇದನ್ನ ಕಳಿಸಿ. ಮಾತಾಡೋಕೆ ಆಗಲ್ವಾ, ಇದನ್ನ ಕೊಡಿ. ನಮ್ಮ ಗೈರುಹಾಜರಿಗೆ ಒಂದು ಚೆಂದದ ಡಬ್ಬಿ.

ಆ ಮೊದಲ ಕಾರ್ಡಿನ ಚಿತ್ರದಲ್ಲಿ ನಡುವೆ ಒಂದು ಕುಟುಂಬ ಗ್ಲಾಸ್ ಎತ್ತಿ ಹಬ್ಬ ಮಾಡ್ತಿದೆ. ಎರಡೂ ಅಂಚಿನಲ್ಲಿ ಇನ್ನೆರಡು ಚಿತ್ರ: ಹಸಿದವರಿಗೆ ಊಟ ಕೊಡೋದು, ಬಟ್ಟೆ ಇಲ್ಲದವರಿಗೆ ಬಟ್ಟೆ ಕೊಡೋದು. ಅಂಚಿನಲ್ಲಾದರೂ ಅವರನ್ನ ನೆನೆಸಿಕೊಂಡಿದ್ದ. ನನ್ನ 47 ಸಾಲಿನ ಶೀಟಿನಲ್ಲಿ ಅಂಚೂ ಇರಲಿಲ್ಲ.

ಈಗ ಆ ಫೋನಿಗೆ ಬರೋಣ. ಬೇಸ್‌ಮೆಂಟು, ಮಗಳ ಪ್ರಶ್ನೆ, ಆಗ ಬಂದ ಫೋನು. ಕೇಕ್ ಡೆಲಿವರಿ ಹುಡುಗ. "ಮೇಡಂ, ವೇಳಚ್ಚೇರಿ ವಿಳಾಸ, ಬಾಗಿಲು ಬೀಗ. ಕೆಳಗಿನ ಮನೆಯವರು ಹೇಳ್ತಾರೆ, ಪಾಟಿ ಹತ್ತು ದಿನದಿಂದ ಆಸ್ಪತ್ರೆಯಲ್ಲಿದ್ದಾರಂತೆ. ಕೇಕ್ ಏನು ಮಾಡಲಿ?"

ಬಚ್ಚಲಲ್ಲಿ ಜಾರಿ ಬಿದ್ದಿದ್ದರು. ಸೊಂಟದ ಮೂಳೆ ಮುರಿದು ಆಪರೇಷನ್ ಆಗಿತ್ತು. ಮಗ ಬಂದು ಆಪರೇಷನ್ ಮಾಡಿಸಿ, ರಜೆ ಮುಗಿದು ವಾಪಸ್ ಹೋಗಿದ್ದ. ತಿಂಗಳ ಕೊನೆಗೆ ಮತ್ತೆ ಬರೋನಿದ್ದ. ನನಗೆ ಏನೂ ಗೊತ್ತಿಲ್ಲ.

ವಾಟ್ಸಾಪ್ ತೆರೆದೆ. ಡಿಸೆಂಬರ್ 11ಕ್ಕೆ ಮಾಮಿಯಿಂದ ಒಂದು ವಾಯ್ಸ್ ಮೆಸೇಜು, ನಲವತ್ತು ಸೆಕೆಂಡಿನದು. ಬೀಳೋಕೆ ಎರಡು ದಿನ ಮೊದಲು. ನಾನು ಕೇಳಿಸಿಕೊಂಡೇ ಇಲ್ಲ. ಕೇಳದೇನೇ ಕೈ ಮುಗಿಯೋ ಎಮೋಜಿ, ಪಕ್ಕದಲ್ಲಿ ಒಂದು ಸಾಂಟಾ ಟೋಪಿ ಕಳಿಸಿದ್ದೆ. ಆ ಬೇಸ್‌ಮೆಂಟಿನಲ್ಲಿ ಕೂತು ಮೊದಲ ಸಲ ಕೇಳಿದೆ. "ಈ ಸಲ ಸೋಮಾಸಿಗೆ ಬರ್ತೀಯಾಮ್ಮಾ? ಗಸಗಸೆ ತರಿಸಿ ಇಟ್ಟಿದ್ದೀನಿ. ಚಿಕ್ಕವಳನ್ನೂ ಕರ್ಕೊಂಡು ಬಾ. ಕೇಕ್ ಬೇಡಮ್ಮಾ, ಅದನ್ನ ನಾನೊಬ್ಬಳೇ ಎಷ್ಟು ತಿನ್ನಲಿ?"

ಮೂರು ಸಲ ಕೇಳಿದೆ. ಆಮೇಲೆ ಗಂಡನಿಗೆ ಹೇಳಿದೆ, ಕಾರ್ ತಿರುಗಿಸಿ ಅಂತ. ಶೂಸ್ ತೊಗೊಳ್ಳಲಿಲ್ಲ, ಲೈಟ್ ತೊಗೊಳ್ಳಲಿಲ್ಲ.

ಆಸ್ಪತ್ರೆಯಲ್ಲಿ ಮಾಮಿ ಅರ್ಧ ಆಗಿದ್ದರು. ನನ್ನನ್ನ ನೋಡಿ ಮೊದಲು ಕೇಳಿದ್ದು, "ಮಳೆ ಇದೆಯಾ ಹೊರಗೆ?" ನೋಡಿಕೊಳ್ಳೋಕೆ ಒಬ್ಬಳು ಹೆಂಗಸನ್ನ ಮಗ ಗೊತ್ತು ಮಾಡಿದ್ದ. ಅವಳೂ ಕ್ರಿಶ್ಚಿಯನ್ನೇ, 24ರ ರಾತ್ರಿ ಮನೆಗೆ ಹೋಗ್ತೀನಿ ಅಂತ ಮೊದಲೇ ಕೇಳಿಕೊಂಡಿದ್ದಳು. ಬೇರೆ ಯಾರೂ ಸಿಕ್ಕಿರಲಿಲ್ಲ. ನಾನಿರ್ತೀನಿ ಅಂದೆ. ಹೇಳಿದ ಮೇಲೆ ನೆನಪಾಯ್ತು, ಆ ರಾತ್ರಿ ಆನ್‌ಕಾಲ್ ಬೇರೆ ಇದೆ.

ಹಾಗಾಗಿ ಹೋದ ವರ್ಷ ಕ್ರಿಸ್‌ಮಸ್ ರಾತ್ರಿ ನಾನು ಆರಾಧನೆಗೆ ಹೋಗಲಿಲ್ಲ. ಆಸ್ಪತ್ರೆಯ ಮೂರನೇ ಮಹಡಿಯಲ್ಲಿ, ಪ್ಲಾಸ್ಟಿಕ್ ಕುರ್ಚಿಯ ಮೇಲೆ, ತೊಡೆ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತಿದ್ದೆ. ಅಮೆರಿಕದ ಕ್ಲೈಂಟ್ ತಮ್ಮ ಮನೆಯಲ್ಲಿ ನೆಮ್ಮದಿಯಾಗಿ ಕ್ರಿಸ್‌ಮಸ್ ಮಾಡಲಿ ಅಂತ ಚೆನ್ನೈಯ ಕ್ರಿಶ್ಚಿಯನ್ ಒಬ್ಬಳು ಸರ್ವರ್ ಕಾಯ್ತಿದ್ದಾಳೆ. ನಗು ಬಂತು ನನಗೆ.

ಹನ್ನೆರಡು ಗಂಟೆಗೆ ನರ್ಸ್ ಒಬ್ಬಳು ಬಂದು, "ಅಕ್ಕಾ, ಎರಡು ನಿಮಿಷ ಬನ್ನಿ" ಅಂತ ಕರೆದಳು. ನರ್ಸಿಂಗ್ ಸ್ಟೇಷನ್ನಿನ ಮೂಲೆಯಲ್ಲಿ ಒಂದು ಗೋದಲಿ ಕಟ್ಟಿದ್ದರು. ಔಷಧದ ರಟ್ಟಿನ ಡಬ್ಬಿಯೇ ಕೊಟ್ಟಿಗೆ, ಹತ್ತಿಯೇ ಹಿಮ, ಗಾಜ್ ಬಟ್ಟೆಯಲ್ಲಿ ಸುತ್ತಿದ ಒಂದು ಚಿಕ್ಕ ಗೊಂಬೆ. ಆರು ಜನ ನರ್ಸುಗಳು, ಒಬ್ಬ ವಾರ್ಡ್ ಬಾಯ್, ನೆಲ ಒರೆಸೋ ಅಮ್ಮ, ನಾನು. ರೋಗಿಗಳು ಏಳಬಾರದು ಅಂತ ಪಿಸುಮಾತಿನಲ್ಲೇ ಒಂದು ಹಾಡು. ಅಂಗೈ ಅಗಲದ ಕೇಕು, ಅದನ್ನ ಒಂಬತ್ತು ತುಂಡು ಮಾಡಿದರು.

ಗೋದಲಿ ಕಟ್ಟೋ ಪದ್ಧತಿಯನ್ನ ಜನಪ್ರಿಯ ಮಾಡಿದ್ದು ಸಂತ ಫ್ರಾನ್ಸಿಸ್. 1223ರಲ್ಲಿ, ಇಟಲಿಯ ಗ್ರೆಚ್ಚೊ ಅನ್ನೋ ಊರಿನಲ್ಲಿ. ಚಿನ್ನ ಬೆಳ್ಳಿ ಇಲ್ಲ, ಹುಲ್ಲು, ಒಂದು ನಿಜವಾದ ಎತ್ತು, ಒಂದು ಕತ್ತೆ. ಆ ಮಗು ಎಷ್ಟು ಬಡತನದಲ್ಲಿ ಹುಟ್ಟಿತು ಅಂತ ಜನ ಕಣ್ಣಾರೆ ನೋಡಲಿ ಅಂತ. ಆ ಔಷಧದ ಡಬ್ಬಿ ನೋಡಿದಾಗ ನನಗೆ ಅನ್ನಿಸ್ತು, ನಮ್ಮ ಅಪಾರ್ಟ್‌ಮೆಂಟಿನ ಹತ್ತು ಅಡಿ ಮರಕ್ಕಿಂತ ಇದು ಗ್ರೆಚ್ಚೊಗೆ ಹತ್ತಿರ.

ವಾಪಸ್ ಬಂದು ಕುರ್ಚಿಯಲ್ಲಿ ಕೂತು, ಚಿಕ್ಕಂದಿನಿಂದ ನೂರು ಸಲ ಕೇಳಿದ ಆ ಕತೆಯನ್ನ ಮತ್ತೆ ಯೋಚನೆ ಮಾಡಿದೆ. ನೀವು ಕ್ರಿಶ್ಚಿಯನ್ ಆಗಿರಬೇಕಾಗಿಲ್ಲ, ಸುಮ್ಮನೆ ಒಂದು ಕತೆ ಅಂತ ಕೇಳಿ. ಸರ್ಕಾರ ಖಾನೇಷುಮಾರಿ ಮಾಡ್ತಿದೆ, ಎಲ್ಲರೂ ಅವರವರ ಮೂಲ ಊರಿಗೆ ಹೋಗಿ ಹೆಸರು ಬರೆಸಬೇಕು. ಯೋಸೇಫ ಬಡಗಿ. ಕೆಲಸ ಒಂದು ಕಡೆ, ಮೂಲ ಊರು ಇನ್ನೊಂದು ಕಡೆ. ನಮ್ಮ ಹಾಗೇ. ಬಸುರಿ ಹೆಂಡತಿಯನ್ನ ಕರ್ಕೊಂಡು ತನ್ನ ಊರಿಗೇ ಹೋದ. ತನ್ನ ಊರಿನಲ್ಲೇ ಜಾಗ ಸಿಗಲಿಲ್ಲ. ಮಗು ಹುಟ್ಟಿದ ಸುದ್ದಿ ಮೊದಲು ಬಂದಿದ್ದು ಯಾರಿಗೆ? ರಾಜನಿಗಲ್ಲ, ಪೂಜಾರಿಗಳಿಗಲ್ಲ. ಹೊಲದಲ್ಲಿ ರಾತ್ರಿ ಕುರಿ ಕಾಯ್ತಿದ್ದವರಿಗೆ. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ, ನೈಟ್ ಶಿಫ್ಟಿನವರಿಗೆ.

ಅವರು ಏನು ಮಾಡಿದರು? ಏನೂ ಕಳಿಸಲಿಲ್ಲ. ಎದ್ದು ಹೋದರು. ಆ ಕತೆಯಲ್ಲಿ ಎಲ್ಲರೂ ಹೋಗೋರೇ, ಬರೋರೇ. ದೂರ ದೇಶದ ಜ್ಞಾನಿಗಳು ಕಾಣಿಕೆ ತಂದರು, ಸರಿ, ಆದರೆ ಕೈಯಲ್ಲಿ ಹಿಡಿದು ತಾವೇ ತಂದರು. ಇನ್ನು ನಮ್ಮ ನಂಬಿಕೆಯ ಬುಡದಲ್ಲಿರೋದೂ ಅದೇ ಮಾತು: ದೇವರು ಬರೀ ಸಂದೇಶ ಕಳಿಸಿ ಸುಮ್ಮನಾಗಲಿಲ್ಲ, ತಾನೇ ಬಂದ. ನಲವತ್ತು ವರ್ಷ ಹಾಡಿದ್ದೀನಿ ಅದನ್ನ. ಅವ್ವ "ಹೊಚ್ಚಲಾ ದಾಟಿ ಒಳಗ ಹೋಗು" ಅಂದಾಗ ಹೇಳ್ತಿದ್ದಿದ್ದೂ ಇದನ್ನೇ ಅಂತ ಆ ರಾತ್ರಿಯವರೆಗೆ ಹೊಳೆದಿರಲಿಲ್ಲ.

ಬೆಳಗಿನವರೆಗೆ ಒಂದು ಟಿಕೆಟ್ಟೂ ಬರಲಿಲ್ಲ. ಸರ್ವರ್‌ಗಳೂ ನೆಮ್ಮದಿಯಾಗಿ ಮಲಗಿದ್ದವು.

25ರ ಬೆಳಿಗ್ಗೆ ಒಂಬತ್ತಕ್ಕೆ ಗಂಡ, ಮಕ್ಕಳು ಬಂದರು. ಮಗಳ ಕೈಯಲ್ಲಿ ಸ್ಟೀಲ್ ತಾಟು, ಮೇಲೆ ಬಟ್ಟೆ. ರಾತ್ರಿ ಮೂವರೂ ಸೇರಿ, ಅವ್ವನನ್ನ ವಿಡಿಯೊ ಕಾಲ್‌ನಲ್ಲಿ ಇಟ್ಟುಕೊಂಡು, ಕರ್ಚಿಕಾಯಿ ಕರಿದಿದ್ದರು. ಅರ್ಧಕ್ಕರ್ಧ ಎಣ್ಣೆಯಲ್ಲಿ ಬಾಯಿ ಬಿಟ್ಟಿದ್ದವು. ಉಳಿದವು ಒಂದೊಂದು ಒಂದೊಂದು ಆಕಾರ. ಮಗಳು ತಾಟು ಹಿಡ್ಕೊಂಡು ಹಾಸಿಗೆ ಪಕ್ಕ ನಿಂತಳು. ನಾನು ಬಾಳೆಹಣ್ಣು ಸುಲಿಯೋಕೆ ಹೋದೆ. ಮಾಮಿ ಕೈ ಚಾಚಿ ಕರ್ಚಿಕಾಯಿಯನ್ನೇ ತೊಗೊಂಡರು. ನಮ್ಮ ಮನೆಯ ಒಲೆಯ ಮೇಲೆ ಕರಿದಿದ್ದು. ಅರ್ಧ ತಿಂದು, "ಉಪ್ಪು ಹಾಕಿಲ್ಲ ಕಣಕಕ್ಕೆ" ಅಂದರು.

ಮಗಳು ಆ ಕೋಣೆಯಲ್ಲಿ ಎರಡು ಗಂಟೆ ಇದ್ದಳು. ಮಾಮಿಗೆ ತನ್ನ ಶಾಲೆಯ ಕತೆಯೆಲ್ಲ ಹೇಳಿದಳು, ಅರ್ಧ ತಮಿಳು ಅರ್ಧ ಕನ್ನಡ. ಕ್ರಿಸ್‌ಮಸ್ ಯಾವಾಗ ಮುಗಿಯುತ್ತೆ ಅಂತ ಕೇಳಲಿಲ್ಲ.

ಈಗ ನೀವು ಕೇಳಬಹುದು, ಅಷ್ಟಕ್ಕೂ ಏನು ಬದಲಾಯ್ತು ಅಂತ. ಕೆಲಸ ಅದೇ, ರಿಲೀಸ್ ಅದೇ, ಚೆನ್ನೈಯ ಟ್ರಾಫಿಕ್ ಅಂತೂ ಅದೇ. ಎಲ್ಲ ಬಿಟ್ಟು ಸನ್ಯಾಸಿ ಆಗಿ ಅಂತ ನಾನು ಹೇಳಲ್ಲ. ಮಗಳಿಗೆ ಶೂಸ್ ಜನವರಿಯಲ್ಲಿ ಕೊಡಿಸಿದೆ, ಅದೂ ಸೇಲ್‌ನಲ್ಲೇ. ಊರಲ್ಲಿರೋ ಅವ್ವನಿಗೆ ನಾನು ಕಳಿಸಲೇಬೇಕು, ಹೋಗೋಕೆ ರಜೆ ಇಲ್ಲ, ರೈಲಿನಲ್ಲಿ ಟಿಕೆಟ್ ಇಲ್ಲ. ಕಳಿಸೋದು ತಪ್ಪಲ್ಲ. ಹೋಗಬಹುದಾದ ಕಡೆಗೂ ಕಳಿಸಿಬಿಡೋದು, ಅದು ನನ್ನ ತಪ್ಪಾಗಿತ್ತು.

ಈ ವರ್ಷ ನಮ್ಮ ಮನೆಯಲ್ಲಿ ಮಾಡಿರೋದು ಇಷ್ಟೇ. ಶೀಟ್ ಇದೆ, ಆದರೆ ಎರಡು ಭಾಗ: ಕಳಿಸಬೇಕಾದವರು, ಹೋಗಬೇಕಾದವರು. ಹೋಗಬೇಕಾದವರ ಪಟ್ಟಿಯಲ್ಲಿ ಐದೇ ಹೆಸರು. ಹದಿನಾಲ್ಕು ನಮ್ಮ ಕೈಲಾಗಲ್ಲ, ಒಪ್ಪಿಕೊಂಡಿದ್ದೀವಿ. ಅದರಲ್ಲಿ ಒಂದು ಹೆಸರು ನಮ್ಮ ಗೇಟಿನ ರಾತ್ರಿ ಪಾಳಿಯ ವಾಚ್‌ಮನ್‌ದು, ಅಸ್ಸಾಂ ಕಡೆಯವನು. ಆರು ವರ್ಷದಿಂದ ದಿನಾ ನೋಡ್ತಿದ್ದೀನಿ, ಅವನಿಗೆ ಎಷ್ಟು ಮಕ್ಕಳು ಅಂತ ಹೋದ ತಿಂಗಳು ಗೊತ್ತಾಯ್ತು.

ಆಫೀಸಿನಲ್ಲಿ ಸೀಕ್ರೆಟ್ ಸಾಂಟಾ ಬೇಡ ಅಂತ ಹೇಳೋ ಧೈರ್ಯ ನನಗಿಲ್ಲ, ಅದು ಇದೆ. ಅದರ ಜೊತೆ ಟೀಮಿನಲ್ಲಿ ಇನ್ನೊಂದು ಶುರು ಮಾಡಿದ್ದೀವಿ: ಶಿಫ್ಟ್ ಅದಲುಬದಲು. ಈ ಸಲ ನನ್ನ 24ರ ಆನ್‌ಕಾಲನ್ನ ಮಧುರೈಯ ಹುಡುಗನೊಬ್ಬ ತೊಗೊಂಡಿದ್ದಾನೆ. ಪೊಂಗಲ್‌ಗೆ ಅವನದು ನಾನು ಮಾಡ್ತೀನಿ. ಐನೂರು ರೂಪಾಯಿಯ ಕಾಫಿ ಮಗ್‌ಗಿಂತ ಅದು ದೊಡ್ಡ ಗಿಫ್ಟು. ಅವನು ಪೊಂಗಲ್ ದಿನ ಅಮ್ಮನ ಜೊತೆ ಇರ್ತಾನಲ್ಲ.

ಮಾಮಿ ಈಗ ವಾಕರ್ ಹಿಡ್ಕೊಂಡು ಓಡಾಡ್ತಾರೆ. ಮಾರ್ಗಳಿಯಲ್ಲಿ ಕೋಲ ಹಾಕೋಕೆ ಬಗ್ಗೋಕಾಗಲ್ಲ. ಕುರ್ಚಿಯಲ್ಲಿ ಕೂತು "ಆ ಚುಕ್ಕಿ ಇಲ್ಲಿ, ಈ ಚುಕ್ಕಿ ಅಲ್ಲಿ" ಅಂತ ಕೆಳಗಿನ ಮನೆಯ ಹುಡುಗಿಯ ಕೈಯಲ್ಲಿ ಹಾಕಿಸ್ತಾರೆ. 24ರ ಬೆಳಿಗ್ಗೆ ನಾವು ನಾಲ್ವರೂ ಅಲ್ಲಿಗೆ ಹೋಗ್ತಿದ್ದೀವಿ. ಗಸಗಸೆ ನಾನು ತರ್ತೀನಿ ಅಂದೆ. ಹೋದ ವರ್ಷದ್ದು ಇನ್ನೂ ಡಬ್ಬಿಯಲ್ಲೇ ಇದೆ ಅಂದರು. ಅದು ಕೆಟ್ಟಿರುತ್ತೆ ಮಾಮಿ ಅಂದೆ. ಬಂದು ನೋಡಿ ಆಮೇಲೆ ಹೇಳು ಅಂದರು.

ನಿಮ್ಮ ಹಬ್ಬ ಯಾವುದೇ ಇರಲಿ, ದೀಪಾವಳಿಯೋ ರಂಜಾನೋ ಸಂಕ್ರಾಂತಿಯೋ, ನಿಮ್ಮ ಫೋನಿನಲ್ಲೂ ಕೇಳದೇ ಬಿಟ್ಟ ಒಂದು ವಾಯ್ಸ್ ಮೆಸೇಜ್ ಇರಬಹುದು. ಈ ವಿಡಿಯೊ ಮುಗಿದ ಮೇಲೆ ಅದನ್ನ ಒಂದು ಸಲ ಕೇಳಿ. ಹತ್ತಿರದಲ್ಲೇ ಇದ್ದರೆ ಎದ್ದು ಹೋಗಿ. ಬರಿಗೈಯಲ್ಲಿ ಹೋದರೂ ಸರಿ. ಹೊಚ್ಚಲು ದಾಟಿ ಒಳಗೆ ಹೋಗಿ, ಕೂತು ನಾಲ್ಕು ಮಾತಾಡಿ ಬನ್ನಿ.